ನೆಟ್ ಇಲ್ಲ, ಸರ್ವರ್ ಡೌನ್: ತೊಂದರೆ ಎಲ್ಲಿದೆ ಅಂತ ಹುಡುಕುವುದು ಹೇಗೆ

ಬಾಗಲಕೋಟೆಯ ನವನಗರದಲ್ಲಾಗಲಿ, ಇಳಕಲ್ಲಿನಲ್ಲಾಗಲಿ, ಆನ್‌ಲೈನ್ ಸೇವಾ ಕೇಂದ್ರದ ಮುಂದೆ ಅರ್ಧ ತಾಸು ನಿಂತರೆ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. "ನೆಟ್ ಇಲ್ರೀ." "ಸರ್ವರ್ ಡೌನ್ ಐತ್ರೀ." ಪಹಣಿ ತೆಗೆಸಲು ಬಂದ ಹಿರಿಯರು ಅಷ್ಟಕ್ಕೇ ವಾಪಸ್ ಹೋಗುತ್ತಾರೆ, ನಾಳೆ ಮತ್ತೆ ಬಸ್ ಹಿಡಿದು ಬರುತ್ತಾರೆ. ಇಂಥ ಅಂಗಡಿಗಳ ಕಂಪ್ಯೂಟರ್, ರೂಟರ್, ಥಂಬ್ ಮಷಿನ್ ನೋಡಿಕೊಳ್ಳುವುದು ನನ್ನ ಕೆಲಸ. ಎಷ್ಟೋ ಸಲ ಈ ಎರಡು ಮಾತೂ ನಿಜ ಇರುವುದಿಲ್ಲ. ನೆಟ್ ಬರುತ್ತಿರುತ್ತದೆ, ಆ ಕಡೆ ಸರ್ವರ್ ಕೂಡ ಓಡುತ್ತಿರುತ್ತದೆ, ನಡುವೆ ಎಲ್ಲೋ ಒಂದು ಕಡೆ ದಾರಿ ಕಟ್ ಆಗಿರುತ್ತದೆ. ಅದು ಎಲ್ಲಿ ಅಂತ ಮೊದಲು ಗೊತ್ತಾಗಬೇಕು. ರೀಸ್ಟಾರ್ಟ್, ಫಾರ್ಮ್ಯಾಟ್, ಹೊಸ ರೂಟರ್ ಎಲ್ಲ ಆಮೇಲಿನ ಮಾತು.

ಹಾಗಾಗಿ ಶುರುವಿನಲ್ಲಿ ಏನನ್ನೂ ಮುಟ್ಟಬೇಡಿ, ಬರೀ ನೋಡಿ. ಒಂದೇ ಸೈಟ್ ತೆರೆಯುತ್ತಿಲ್ಲವಾ, ಇಲ್ಲಾ ಯಾವುದೂ ತೆರೆಯುತ್ತಿಲ್ಲವಾ? ನಿಮ್ಮ ಕಂಪ್ಯೂಟರಿಗೆ ಮಾತ್ರ ಹೀಗಾ, ಪಕ್ಕದ ಟೇಬಲ್ಲಿನದ್ದೂ ಹಾಗೇನಾ? ಎಲ್ಲ ಕಂಪ್ಯೂಟರಿಗೂ ಎಲ್ಲ ಸೈಟೂ ಇಲ್ಲ ಅಂದರೆ ರೂಟರ್ ಅಥವಾ ಹೊರಗಿನ ಲೈನ್ ನೋಡಬೇಕು. ಒಂದೇ ಕಂಪ್ಯೂಟರಿಗೆ ಇಲ್ಲ ಅಂದರೆ ಅದರ ಒಳಗೇ ಏನೋ ಇದೆ. ಎಲ್ಲದಕ್ಕೂ ಒಂದೇ ಸೈಟ್ ಇಲ್ಲ ಅಂದರೆ ಆ ಸೈಟಿನ ಕಡೆ, ಇಲ್ಲವೇ ನಿಮ್ಮಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ.

ಇನ್ನೊಂದು ಪರೀಕ್ಷೆ ಮೊಬೈಲಿನದು. ಅದೇ ಸೈಟನ್ನು ಫೋನಿನ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಆದರೆ ಮೊದಲು ಫೋನಿನ ವೈಫೈ ಆಫ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಅಂಗಡಿಯ ಅದೇ ಕೆಟ್ಟ ವೈಫೈನಲ್ಲಿ ಫೋನಿನಲ್ಲೂ ನೋಡಿ, "ಮೊಬೈಲ್‌ನ್ಯಾಗೂ ಬರವಲ್ದು, ಸರ್ವರ್ರೇ ಹೋಗೇತಿ" ಅಂತ ತೀರ್ಮಾನ ಮಾಡಿ ಶಟರ್ ಅರ್ಧ ಇಳಿಸಿಬಿಡುತ್ತಾರೆ. ಡೇಟಾದಲ್ಲಿ ತೆರೆದರೆ ಸರ್ವರ್ ಬದುಕಿದೆ ಅಂತ ಅರ್ಥ. ಆಗ ಫೋನಿನ ಹಾಟ್‌ಸ್ಪಾಟ್ ಅನ್ನು ಕಂಪ್ಯೂಟರಿಗೆ ಕೊಟ್ಟು ನೋಡಿ. ಕಂಪ್ಯೂಟರಿನಲ್ಲೂ ತೆರೆದರೆ ತಪ್ಪು ನಿಮ್ಮ ಬ್ರಾಡ್‌ಬ್ಯಾಂಡ್ ಕಡೆ. ಆಗಲೂ ತೆರೆಯದಿದ್ದರೆ ಕಂಪ್ಯೂಟರಿನ ಒಳಗೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಯಾವ ಟೆಕ್ನಿಷಿಯನ್ನೂ ಬೇಡ.

ಡಬ್ಬಿಯ ಲೈಟು

ಫೈಬರ್ ಲೈನ್ ಇದ್ದರೆ ಗೋಡೆಯ ಮೇಲಿನ ಡಬ್ಬಿಯಲ್ಲಿ ಪವರ್ ಬಿಟ್ಟು ಇನ್ನೆರಡು ಲೈಟು ನೋಡಬೇಕು, ಪಿಒಎನ್ ಮತ್ತು ಎಲ್‌ಒಎಸ್. ಪಿಒಎನ್ ಹಸಿರಾಗಿ ನಿಂತಿದ್ದರೆ ಸರಿ. ಅದು ಮಿಣಮಿಣ ಅನ್ನುತ್ತಲೇ ಇದ್ದರೆ ಡಬ್ಬಿ ಆ ಕಡೆಯ ಮಷಿನ್ ಜೊತೆ ಸೇರಲು ಇನ್ನೂ ಒದ್ದಾಡುತ್ತಿದೆ. ಎಲ್‌ಒಎಸ್ ಕೆಂಪಾದರೆ ವೈರಿನಲ್ಲಿ ಬೆಳಕೇ ಬರುತ್ತಿಲ್ಲ. ಆಗ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಸುಮ್ನೆ ಟೈಮ್ ವೇಸ್ಟ್.

ಕಂಪ್ಲೇಂಟ್ ಮಾಡುವ ಮುಂಚೆ ಡಬ್ಬಿಗೆ ಬರುವ ತೆಳು ವೈರನ್ನು ಒಮ್ಮೆ ಕೈಯಾಡಿಸಿ ನೋಡಿ. ಅದರೊಳಗೆ ಇರುವುದು ತಾಮ್ರ ಅಲ್ಲ, ಗಾಜಿನ ಎಳೆ. ಟೇಬಲ್ಲನ್ನು ಗೋಡೆಗೆ ಒತ್ತಿದಾಗ ಅದು ಮಡಚಿಕೊಂಡರೆ ಬೆಳಕು ಬಾಗಿದ ಜಾಗದಲ್ಲೇ ಸೋರಿ ಹೋಗುತ್ತದೆ, ವೈರ್ ತುಂಡಾಗಿರಬೇಕು ಅಂತೇನಿಲ್ಲ. ಎಷ್ಟು ಬೆಳಕು ಬರುತ್ತಿದೆ ಅಂತ ರೂಟರಿನ ಪೇಜಿನಲ್ಲಿ (ಬ್ರೌಸರಿನಲ್ಲಿ ರೂಟರಿನ ವಿಳಾಸ ಹೊಡೆದರೆ ತೆರೆಯುವ ಸೆಟ್ಟಿಂಗ್ ಪೇಜು) ಆರ್‌ಎಕ್ಸ್ ಪವರ್ ಅನ್ನುವ ಕಡೆ ಇರುತ್ತದೆ. ಅದು ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ಚಿಂತೆ ಇಲ್ಲ. ಮೈನಸ್ 27 ದಾಟಿದರೆ ಲೈನ್ ಬಂದು ಹೋಗಿ ಮಾಡಲು ಶುರು ಮಾಡುತ್ತದೆ. ಊರೊಳಗೆ ರಸ್ತೆ ಅಗೆಯುವ ಜೆಸಿಬಿ ಒಂದು ಕಾಟವಾದರೆ, ಬಾದಾಮಿ ಕಡೆ ಕಂಬದ ವೈರ್ ಹಿಡಿದು ಜೋತಾಡುವ ಮಂಗ್ಯಾಗಳದ್ದು ಇನ್ನೊಂದು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಲೈಟೆಲ್ಲ ಸರಿ ಇದ್ದೂ ರೂಟರ್ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತಿದ್ದರೆ ಅಡಾಪ್ಟರ್ ಮೇಲೆ ಅನುಮಾನ ಇಡಿ. ನಮ್ಮ ಕಡೆಯ ಕರೆಂಟಿನ ಏರಿಳಿತಕ್ಕೆ ಮೊದಲು ಸಾಯುವುದು ಅದೇ. ಹಳೆಯ ಅಡಾಪ್ಟರ್ ಲೈಟು ಹತ್ತಿಸುವಷ್ಟು ಕರೆಂಟ್ ಕೊಡುತ್ತದೆ, ನಾಲ್ಕು ಜನ ಒಟ್ಟಿಗೆ ವೈಫೈ ಬಳಸಿದ ಕೂಡಲೇ ಕೈ ಎತ್ತುತ್ತದೆ. ಅದರ ಮೇಲೆ 12 ವೋಲ್ಟ್ ಅಂತ ಇದ್ದರೆ ಅಷ್ಟೇ ವೋಲ್ಟಿನದು ಹಾಕಿ. ಆಂಪಿಯರ್ ಅಷ್ಟೇ ಇರಲಿ, ಜಾಸ್ತಿ ಇದ್ದರೂ ನಡೆಯುತ್ತದೆ, ಕಡಿಮೆ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರೂಟರಿನ ಹಿಂದೆ ಸೂಜಿಯಿಂದ ಒತ್ತುವ ಸಣ್ಣ ತೂತು ಇರುತ್ತದಲ್ಲ, ಅದನ್ನು ಒತ್ತಬೇಡಿ. ಅದು ರೀಸ್ಟಾರ್ಟ್ ಅಲ್ಲ, ಒಳಗಿನ ಸೆಟ್ಟಿಂಗ್ ಎಲ್ಲ ಅಳಿಸಿ ಹಾಕುವ ರೀಸೆಟ್. ಲೈನ್ ಕೊಟ್ಟವರು ತುಂಬಿದ್ದ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಹೋಗುತ್ತದೆ. ಬರೀ ಸಣ್ಣ ತೊಂದರೆ ಇದ್ದ ಅಂಗಡಿ ಅಲ್ಲಿಂದ ಮುಂದೆ ನಿಜಕ್ಕೂ ನೆಟ್ ಇಲ್ಲದ ಅಂಗಡಿ ಆಗುತ್ತದೆ, ಲೈನ್‌ಮನ್ ಬರುವ ತನಕ. ರೀಸ್ಟಾರ್ಟ್ ಬೇಕಿದ್ದರೆ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.

ಹಂತ ಹಂತವಾಗಿ ಪಿಂಗ್

ಲೈಟು ಸರಿ ಇದ್ದರೆ ಕಂಪ್ಯೂಟರಿಗೆ ಬನ್ನಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ಐಪಿಕಾನ್ಫಿಗ್ ಅಂತ ಒಂದೇ ಪದವಾಗಿ ಹೊಡೆಯಿರಿ. ಐಪಿ ವಿಳಾಸ 192.168 ಅಂತ ಶುರುವಾದರೆ ಸಾಮಾನ್ಯವಾಗಿ ರೂಟರ್ ಕೊಟ್ಟಿದ್ದೇ. 169.254 ಅಂತ ಶುರುವಾದರೆ, ಕಂಪ್ಯೂಟರ್ ವಿಳಾಸ ಕೇಳಿದೆ, ರೂಟರಿನಿಂದ ಉತ್ತರ ಬಂದಿಲ್ಲ, ವಿಂಡೋಸ್ ತಾನೇ ಒಂದು ವಿಳಾಸ ಹಾಕಿಕೊಂಡು ಕೂತಿದೆ. ಆಗ ಬ್ರೌಸರ್ ಬದಲಿಸಿ ಪ್ರಯೋಜನ ಇಲ್ಲ. ವೈರ್ ನೋಡಿ. ಲ್ಯಾನ್ ವೈರಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿರುತ್ತದೆ, ಅದು ಸಾಕೆಟ್ಟಿನಲ್ಲಿ ನಿಂತಂತೆ ಕಾಣುತ್ತದೆ, ಆದರೆ ಒಳಗೆ ತಾಗಿರುವುದಿಲ್ಲ. ಇಲ್ಲವೇ ಇಲಿ ಕಡಿದಿರುತ್ತದೆ.

ವೈಫೈ ಆದರೆ ಗೋಡೆ ನೋಡಿ. ಗುಳೇದಗುಡ್ಡದಂಥ ಊರಿನ ಹಳೆಯ ಮನೆಗಳ ಕಲ್ಲುಗೋಡೆ ದಾಟುವುದು 5 ಗಿಗಾಹರ್ಟ್ಸ್ ವೈಫೈಗೆ ಕಷ್ಟ. 2.4 ಅದಕ್ಕಿಂತ ಚೆನ್ನಾಗಿ ದಾಟುತ್ತದೆ. ಆದರೆ ಬಜಾರದಲ್ಲಿ ಪ್ರತಿ ಅಂಗಡಿಯವರೂ 2.4ರಲ್ಲೇ ಇರುತ್ತಾರೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11 ಮಾತ್ರ, ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ. ನನ್ನನ್ನು ಕೇಳಿದರೆ ಕೆಲಸದ ಕಂಪ್ಯೂಟರಿಗೆ ವೈಫೈ ಬೇಡವೇ ಬೇಡ, ವೈರ್ ಎಳೆಸಿ.

ವಿಳಾಸ ಸರಿ ಇದ್ದರೆ ಮೊದಲು ರೂಟರಿಗೆ ಪಿಂಗ್ ಮಾಡಿ, ಅಂದರೆ ಪಿಂಗ್ ಅಂತ ಹೊಡೆದು ಮುಂದೆ ಅದರ ವಿಳಾಸ ಕೊಟ್ಟು, ಆ ಕಡೆಯಿಂದ ಉತ್ತರ ಬರುತ್ತದಾ ನೋಡಿ. ಐಪಿಕಾನ್ಫಿಗ್‌ನಲ್ಲಿ ಡಿಫಾಲ್ಟ್ ಗೇಟ್‌ವೇ ಅಂತ ತೋರಿಸುತ್ತದಲ್ಲ, ಅದೇ ರೂಟರ್. ಅಲ್ಲಿಂದ ಉತ್ತರ ಬಂತಾ, ಈಗ ಪಿಂಗ್ 8.8.8.8 ಮಾಡಿ. ಅಲ್ಲಿಂದಲೂ ಬಂದರೆ ನಿಮ್ಮ ನೆಟ್ ಊರು ದಾಟಿ ಹೊರಗೆ ಹೋಗಿ ಬಂದಿದೆ. ಕೊನೆಗೆ ನಂಬರ್ ಬದಲು ಯಾವುದಾದರೂ ಸೈಟಿನ ಹೆಸರಿಗೆ ಪಿಂಗ್ ಮಾಡಿ. ನಂಬರಿಗೆ ಉತ್ತರ ಬಂದು ಹೆಸರಿಗೆ "ಹೋಸ್ಟ್ ಸಿಗಲಿಲ್ಲ" ಅಂದರೆ ಡಿಎನ್‌ಎಸ್ ಕೆಟ್ಟಿದೆ, ಅಂದರೆ ಹೆಸರನ್ನು ನಂಬರಾಗಿ ಬದಲಿಸಿ ಕೊಡುವ ಕೆಲಸ ನಿಂತಿದೆ. ಇದು ಆದಾಗ ವಾಟ್ಸಾಪ್ ಕೆಲವೊಮ್ಮೆ ನಡೆಯುತ್ತಲೇ ಇರುತ್ತದೆ, ಬ್ರೌಸರಿನಲ್ಲಿ ಮಾತ್ರ ಒಂದೂ ಪೇಜ್ ಇಲ್ಲ. ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಮತ್ತು 1.1.1.1 ಹಾಕಿ. ಮೊದಲನೆಯದು ಗೂಗಲ್‌ನದು, 2009ರಿಂದ ಇದೆ. ಎರಡನೆಯದು ಕ್ಲೌಡ್‌ಫ್ಲೇರ್‌ನದು, 2018ರಲ್ಲಿ ಬಂತು. ಎರಡೂ ಪುಕ್ಕಟೆ. ಹಾಕಿದ ಮೇಲೆ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ, ಹಳೆಯ ತಪ್ಪು ಉತ್ತರ ನೆನಪಿನಲ್ಲಿ ಉಳಿದಿದ್ದರೆ ಹೋಗುತ್ತದೆ.

ಪಿಂಗ್ ಬಗ್ಗೆ ಒಂದು ಎಚ್ಚರ. ಎಷ್ಟೋ ಸರ್ವರ್‌ಗಳಲ್ಲಿ ಪಿಂಗಿಗೆ ಉತ್ತರ ಕೊಡುವುದನ್ನೇ ಬಂದ್ ಮಾಡಿಟ್ಟಿರುತ್ತಾರೆ. ಸೈಟ್ ಬ್ರೌಸರಿನಲ್ಲಿ ತೆರೆಯುತ್ತದೆ, ಪಿಂಗ್ ಮಾತ್ರ ಹೋಗುವುದಿಲ್ಲ. ಅದು ದೋಷ ಅಲ್ಲ.

ತೆರೆಯ ಮೇಲೆ ಏನು ಬಂತು ಅಂತ ಓದಿ

ಫೋನ್ ಮಾಡಿದವರನ್ನು "ಏನ್ ಬಂದೈತ್ರೀ ಅದರ ಮ್ಯಾಲ?" ಅಂತ ಕೇಳಿದರೆ "ಏನೋ ಇಂಗ್ಲಿಷಿನ್ಯಾಗ ಬಂದಿತ್ರೀ, ಕ್ಲೋಸ್ ಮಾಡಿನಿ" ಅಂತಾರೆ. ಆ ಸಾಲಿನಲ್ಲೇ ಉತ್ತರ ಇತ್ತು. ಫೋನಿನಲ್ಲಿ ಒಂದು ಫೋಟೋ ಹೊಡೆದು ಇಟ್ಟುಕೊಳ್ಳಿ, ಅಷ್ಟು ಸಾಕು.

"ರೆಫ್ಯೂಸ್ಡ್" ಮತ್ತು "ಟೈಮ್ಡ್ ಔಟ್" ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಬಾಗಿಲು ಬಡಿದಾಗ ಒಳಗಿನಿಂದ "ಇಲ್ಲ, ಹೋಗಿ" ಅಂದರೆ ಅದು ರೆಫ್ಯೂಸ್ಡ್. ಎಷ್ಟು ಬಡಿದರೂ ಸದ್ದೇ ಇಲ್ಲದಿದ್ದರೆ ಟೈಮ್ಡ್ ಔಟ್. ರೆಫ್ಯೂಸ್ಡ್ ಬಂದರೆ ನಿಮ್ಮ ನೆಟ್ ಆ ಮಷಿನ್ ತನಕ ಹೋಗಿದೆ, ಅಲ್ಲಿ ಆ ಪೋರ್ಟಿನಲ್ಲಿ (ಒಂದು ಮಷಿನ್ನಿನೊಳಗೆ ಒಂದೊಂದು ಸಾಫ್ಟ್‌ವೇರಿಗೆ ಇರುವ ಬಾಗಿಲು ನಂಬರ್) ಕೇಳಿಸಿಕೊಳ್ಳುವ ಸಾಫ್ಟ್‌ವೇರ್ ಓಡುತ್ತಿಲ್ಲ, ಇಲ್ಲವೇ ನೀವು ಕೊಟ್ಟ ಪೋರ್ಟ್ ನಂಬರೇ ತಪ್ಪು. ಟೈಮ್ಡ್ ಔಟ್ ಬಂದರೆ ಹೋದ ಮಾತು ನಡುವೆಯೇ ಕಳೆದಿದೆ. ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಸದ್ದಿಲ್ಲದೆ ಬಿಸಾಕಿರಬಹುದು, ಮಷಿನ್ ಆಫ್ ಇರಬಹುದು, ಲೈನ್ ಕಟ್ ಇರಬಹುದು.

500, 502, 503, 504 ನಂಬರ್ ಬಂದರೆ ನಿಮ್ಮ ರೂಟರಿಗೆ ಬೈಯಬೇಡಿ. ನೆಟ್ ಸರಿ ಇರುವುದಕ್ಕೇ ಆ ನಂಬರ್ ನಿಮಗೆ ಕಾಣಿಸಿತು. 5ರಿಂದ ಶುರುವಾಗುವುದೆಲ್ಲ ಆ ಕಡೆಯ ತೊಂದರೆ, 4ರಿಂದ ಶುರುವಾದರೆ ನೀವು ಕೇಳಿದ ರೀತಿಯಲ್ಲಿ ಏನೋ ಇದೆ: 404 ಅಂದರೆ ಆ ಪೇಜೇ ಇಲ್ಲ, 403 ಅಂದರೆ ನಿಮಗೆ ಅನುಮತಿ ಇಲ್ಲ, 429 ಅಂದರೆ ಪದೇ ಪದೇ ಕೇಳಿದ್ದೀರಿ, ಸ್ವಲ್ಪ ತಡೆಯಿರಿ. ಬೆಳೆ ವಿಮೆಯ ಕೊನೆ ದಿನ ಎಲ್ಲರೂ ಒಟ್ಟಿಗೆ ನುಗ್ಗಿ 503 ಬಂದಾಗ ರಿಫ್ರೆಶ್ ಒತ್ತುತ್ತಾ ಕೂತರೆ 429 ಕೂಡ ಬರಬಹುದು. 504 ಬಂದಾಗ ಮಾತ್ರ ಸ್ವಲ್ಪ ಹುಷಾರಾಗಿರಿ. ಉತ್ತರ ತಡವಾಯಿತು ಅಂತಷ್ಟೇ ಅದರ ಅರ್ಥ, ಹಿಂದೆ ನಿಮ್ಮ ಅರ್ಜಿ ಸೇವ್ ಆಗಿರಬಹುದು, ಹಣವೂ ಕಟ್ ಆಗಿರಬಹುದು. ಇನ್ನೊಮ್ಮೆ ದುಡ್ಡು ಕಟ್ಟುವ ಮುಂಚೆ ಟ್ರಾನ್ಸಾಕ್ಷನ್ ಸ್ಟೇಟಸ್ ನೋಡಿ.

ಗಡಿಯಾರ

ಹಳೆಯ ಕಂಪ್ಯೂಟರ್ ಇರುವ ಅಂಗಡಿಗಳಲ್ಲಿ ಇದೇ ಜಾಸ್ತಿ. ಬೆಳಗ್ಗೆ ಆನ್ ಮಾಡಿದರೆ ಎಲ್ಲ ಸೈಟೂ "ನಿಮ್ಮ ಕನೆಕ್ಷನ್ ಸುರಕ್ಷಿತವಲ್ಲ" ಅನ್ನುತ್ತವೆ. ಪಿಂಗ್ ಹೋಗುತ್ತದೆ, ಡಿಎನ್‌ಎಸ್ ಸರಿ, ಪೇಜ್ ಮಾತ್ರ ಇಲ್ಲ. ಬಲಗಡೆ ಕೆಳಗೆ ನೋಡಿದರೆ ತಾರೀಖು ಎಷ್ಟೋ ವರ್ಷ ಹಿಂದಿನದು. ಪ್ರತಿ ಸುರಕ್ಷಿತ ಸೈಟಿಗೆ ತಾನು ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ತನ್ನ ಗಡಿಯಾರ ನೋಡಿ "ಇದು ಇನ್ನೂ ಹುಟ್ಟಿಲ್ಲವಲ್ಲ" ಅಂತ ಬಾಗಿಲು ಹಾಕುತ್ತದೆ. ತಾರೀಖು ಸರಿ ಮಾಡಿದರೆ ಕೂಡಲೇ ತೆರೆಯುತ್ತದೆ, ಆದರೆ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋದರೆ ನಾಳೆ ಮತ್ತೆ ಅದೇ ಕಥೆ. ಮದರ್‌ಬೋರ್ಡಿನ ಮೇಲಿನ ಸಣ್ಣ ದುಂಡನೆಯ ಸೆಲ್ ಸತ್ತಿರುತ್ತದೆ. ಸಾಮಾನ್ಯವಾಗಿ ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪವರ್ ವೈರ್ ತೆಗೆದು, ಹಳೆಯದನ್ನು ಉಗುರಿನಿಂದ ಎತ್ತಿ, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಹಾಗೇ ಟೈಮ್ ಝೋನ್ ನೋಡಿ, ಭಾರತದ್ದು 5:30 ಇರಬೇಕು. ಗಡಿಯಾರ ನೋಡಲು ಸರಿ ಇದ್ದೂ ಝೋನ್ ಬೇರೆ ದೇಶದ್ದಾದರೆ ಒಳಗಿನ ಲೆಕ್ಕ ತಪ್ಪೇ.

ಇನ್ನೂ ವಿಂಡೋಸ್ 7 ಇಟ್ಟುಕೊಂಡವರಿಗೆ ಬೇರೆ ಉತ್ತರ ಇಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು, ಕ್ರೋಮ್ 109ನೇ ಆವೃತ್ತಿಗೆ ನಿಂತಿತು. ಹೊಸ ಸೈಟುಗಳು ಅದರಲ್ಲಿ ಒಂದೊಂದಾಗಿ ಕೈ ಕೊಡುತ್ತವೆ.

ಥಂಬ್ ಬರವಲ್ದು

ಪೋರ್ಟಲ್ ತೆರೆದಿದೆ, ಲಾಗಿನ್ ಆಗಿದೆ, ಅಜ್ಜಿ ಬೆರಳು ಚಾಚಿ ಕೂತಿದ್ದಾರೆ, "ಡಿವೈಸ್ ಸಿಗಲಿಲ್ಲ" ಅಂತ ಬರುತ್ತದೆ. ಎಲ್ಲರೂ ಯುಎಸ್‌ಬಿ ತೆಗೆದು ಹಾಕುತ್ತಾರೆ, ಬೆರಳು ಒರೆಸುತ್ತಾರೆ. ಇದು ಕೂಡ ನೆಟ್‌ವರ್ಕಿನ ತೊಂದರೆಯೇ, ಆದರೆ ನಿಮ್ಮ ಕಂಪ್ಯೂಟರಿನ ಒಳಗಿನ ನೆಟ್‌ವರ್ಕ್. ಬೆರಳಚ್ಚು ಮಷಿನ್ ಜೊತೆ ಆರ್‌ಡಿ ಸರ್ವಿಸ್ ಅನ್ನುವ ಸಾಫ್ಟ್‌ವೇರ್ ಹಾಕಿರುತ್ತಾರಲ್ಲ, ಅದು 127.0.0.1 ಅಂದರೆ ಇದೇ ಕಂಪ್ಯೂಟರಿನ ವಿಳಾಸದಲ್ಲಿ, 11100ರಿಂದ 11120ರ ಒಳಗಿನ ಒಂದು ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಬ್ರೌಸರ್ ಅಲ್ಲಿಗೆ ಹೋಗಿ ಕೇಳಬೇಕು.

ಹಾಗಾದರೆ ಹುಡುಕುವುದೂ ಸುಲಭ ಅಲ್ವಾ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟಾಟ್ -ಎಎನ್ ಹೊಡೆದು 11100ರಿಂದ 11120ರ ಒಳಗಿನ ಯಾವುದಾದರೂ ನಂಬರಿನ ಮುಂದೆ ಲಿಸನಿಂಗ್ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಸರ್ವಿಸ್ ಓಡುತ್ತಿಲ್ಲ, ವಿಂಡೋಸ್‌ನ ಸರ್ವಿಸಸ್ ಪಟ್ಟಿಗೆ ಹೋಗಿ ಸ್ಟಾರ್ಟ್ ಮಾಡಿ. 11101ರಲ್ಲಿ ಇದ್ದರೆ, ಹಿಂದೆ ಬಳಸುತ್ತಿದ್ದ ಬೇರೆ ಕಂಪನಿಯ ಮಷಿನ್ನಿನ ಸರ್ವಿಸ್ 11100 ಹಿಡಿದು ಕೂತಿರಬಹುದು, ಬೇಡವಾದದ್ದನ್ನು ತೆಗೆದು ಹಾಕಿ. ಪೋರ್ಟ್ ಇದ್ದೂ ಸ್ಟೇಟಸ್ "ನಾಟ್ ರೆಡಿ" ಅಂದರೆ ಮಷಿನ್ ಕನೆಕ್ಟ್ ಆಗಿಲ್ಲ, ಇಲ್ಲವೇ ಆರ್‌ಡಿ ಸರ್ವಿಸಿನ ಅವಧಿ ಮುಗಿದಿದೆ, ರಿನ್ಯೂವಲ್ ಮಾಡಿಸಬೇಕು. ಇನ್ನೊಂದು, ಈಚಿನ ಕ್ರೋಮ್‌ನಲ್ಲಿ ಒಂದು ಸೈಟ್ ನಿಮ್ಮ ಕಂಪ್ಯೂಟರಿನ ಒಳಗಿನ ವಿಳಾಸ ಮುಟ್ಟಲು ಹೋದರೆ ಅನುಮತಿ ಕೇಳುವ ಸಣ್ಣ ಚೌಕ ಬರುತ್ತದೆ. ಏನೋ ಜಾಹೀರಾತು ಅಂತ ಬ್ಲಾಕ್ ಒತ್ತಿದರೆ ಮುಗಿಯಿತು, ಆಮೇಲೆ ಹೊಸ ಮಷಿನ್ ತಂದರೂ ಥಂಬ್ ಬರುವುದಿಲ್ಲ. ವಿಳಾಸದ ಪಟ್ಟಿಯ ಎಡತುದಿಯ ಗುರುತು ಒತ್ತಿ, ಆ ಸೈಟಿನ ಅನುಮತಿಗಳಲ್ಲಿ ಅದನ್ನು ಮತ್ತೆ ಅಲೌ ಮಾಡಿ.

ಒಂದೇ ಕಂಪ್ಯೂಟರಿನಲ್ಲಿ ಯಾವ ಸೈಟೂ ಇಲ್ಲ, ಪಿಂಗ್ ಮಾತ್ರ ಸರಿ ಅನ್ನುವಾಗ ವಿಂಡೋಸ್‌ನ ಪ್ರಾಕ್ಸಿ (ಬ್ರೌಸರಿನ ಮಾತನ್ನು ನಡುವೆ ಇನ್ನೊಂದು ಮಷಿನ್ ಮೂಲಕ ಕಳಿಸುವುದು) ಸೆಟ್ಟಿಂಗ್ ನೋಡಿ. ಯಾವುದೋ ಪುಕ್ಕಟೆ ವಿಪಿಎನ್ ಹಾಕಿ ತೆಗೆದಿರುತ್ತಾರೆ, ಅದು ಹೋಗುವಾಗ ತನ್ನ ಪ್ರಾಕ್ಸಿಯನ್ನು ಬಿಟ್ಟು ಹೋಗಿರುತ್ತದೆ. ಆಫ್ ಮಾಡಿ, ಅಷ್ಟೇ.

ಅರ್ಧ ನಡೆಯುವ ನೆಟ್

ತಲೆ ತಿನ್ನುವುದು ಇದು. ಸಣ್ಣ ಪೇಜ್ ತೆರೆಯುತ್ತದೆ, ಫಾರ್ಮ್ ತುಂಬಬಹುದು, ಪಿಡಿಎಫ್ ಅಪ್‌ಲೋಡ್ ಒತ್ತಿದ ಕೂಡಲೇ ಸುತ್ತುತ್ತಾ ನಿಲ್ಲುತ್ತದೆ. ಹಾಟ್‌ಸ್ಪಾಟ್ ಕೊಟ್ಟರೆ ಅದೇ ಫೈಲ್ ಸಲೀಸಾಗಿ ಹೋಗುತ್ತದೆ. ಎಂಟಿಯು ಮೇಲೆ ಅನುಮಾನ ಇಡಿ. ನೆಟ್‌ನಲ್ಲಿ ಡೇಟಾ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗುತ್ತದೆ, ಒಂದು ಪ್ಯಾಕೆಟ್ಟಿನಲ್ಲಿ ಎಷ್ಟು ಬೈಟ್ ತುಂಬಬಹುದು ಅನ್ನುವ ಮಿತಿ ಅದು. ಮಾಮೂಲಿ ಲ್ಯಾನ್‌ನಲ್ಲಿ 1500. ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಪಿಪಿಪಿಒಇ ಲೈನಿನಲ್ಲಿ 8 ಬೈಟ್ ಅದರ ತಲೆಬರಹಕ್ಕೇ ಹೋಗಿ 1492 ಉಳಿಯುತ್ತದೆ. ಈ ಲೆಕ್ಕ ರೂಟರಿನಲ್ಲಿ ತಪ್ಪಿದ್ದರೆ ಸಣ್ಣ ಪ್ಯಾಕೆಟ್ ದಾಟುತ್ತವೆ, ತುಂಬಿದ ಪ್ಯಾಕೆಟ್ ದಾರಿಯಲ್ಲೇ ಕಳೆಯುತ್ತವೆ. ಪಿಂಗ್ 1.1.1.1 -ಎಫ್ -ಎಲ್ 1472 ಹೊಡೆದು ನೋಡಿ, ಎಫ್ ಮತ್ತು ಎಲ್ ಸಣ್ಣಕ್ಷರ. ಪಿಂಗಿನ ತಲೆಬರಹ 28 ಬೈಟ್ ಸೇರಿ 1500 ಆಗುತ್ತದೆ. ಉತ್ತರ ಬರದೆ, 1464ಕ್ಕೆ ಇಳಿಸಿದಾಗ ಬಂದರೆ ರೂಟರಿನ ವ್ಯಾನ್ (ಹೊರಗಿನ ಲೈನಿನ ಸೆಟ್ಟಿಂಗ್) ಪೇಜಿನಲ್ಲಿ ಎಂಟಿಯು 1492 ಮಾಡಿ. ಇನ್ನೂ ಕೆಳಗಿಳಿದ ಮೇಲೆ ಬಂದರೆ, ಬಂದ ಸಂಖ್ಯೆಗೆ 28 ಕೂಡಿಸಿ ಅದನ್ನೇ ಹಾಕಿ.

ವಿಜಯಪುರದ ತಿಕೋಟಾ ಕಡೆಯಿಂದ ಬರುವ ದೂರು ಬೇರೆ ತರಹದ್ದು. ಒಣದ್ರಾಕ್ಷಿ ಶೆಡ್ಡಿಗೆ ಕ್ಯಾಮೆರಾ ಹಾಕಿಸಿರುತ್ತಾರೆ, ಶೆಡ್ಡಿನ ವೈಫೈನಲ್ಲಿ ಕಾಣುತ್ತದೆ, ಮನೆಯಿಂದ ಕಾಣುವುದಿಲ್ಲ. ಕ್ಯಾಮೆರಾ ಹುಡುಗ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಕರೆಯನ್ನು ಒಳಗಿನ ಕ್ಯಾಮೆರಾಕ್ಕೆ ಕಳಿಸುವ ಸೆಟ್ಟಿಂಗ್) ಮಾಡಿ ಮಾಡಿ ಸುಸ್ತಾಗಿರುತ್ತಾನೆ. ರೂಟರಿನ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ ನಿಮಗೆ ಸ್ವಂತ ಪಬ್ಲಿಕ್ ವಿಳಾಸ ಇಲ್ಲ, ಲೈನ್ ಕೊಟ್ಟವರು ಒಂದೇ ವಿಳಾಸವನ್ನು ಬಹಳ ಮನೆಗೆ ಹಂಚಿದ್ದಾರೆ. ಇದಕ್ಕೆ ಸಿಜಿನ್ಯಾಟ್ ಅಂತಾರೆ, ಈ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟಿದ್ದಾರೆ. ಹೊರಗಿನಿಂದ ಬರುವ ಕರೆ ನಿಮ್ಮ ರೂಟರ್ ತನಕ ಬರುವುದೇ ಇಲ್ಲ, ಫಾರ್ವರ್ಡ್ ಮಾಡುವುದಾದರೂ ಏನನ್ನು? ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿ ಡಿವಿಆರ್‌ನಲ್ಲಿ ಪಿ2ಪಿ ಅನ್ನುವ ಸೆಟ್ಟಿಂಗ್ ಆನ್ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡುವ ಕಂಪನಿಯ ಆ್ಯಪ್ ಬಳಸಿ, ಇಲ್ಲವೇ ತಿಂಗಳಿಗಿಷ್ಟು ಕಟ್ಟಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಪಬ್ಲಿಕ್ ವಿಳಾಸ ತಗೊಳ್ಳಿ.

ಇಷ್ಟೆಲ್ಲ ನೋಡಿ ತಪ್ಪು ಲೈನಿನದೇ ಅಂತ ಖಾತ್ರಿ ಆದರೆ ಕಂಪ್ಲೇಂಟ್ ಕೊಡಿ, ಆದರೆ "ನೆಟ್ ಇಲ್ಲ" ಅಂತ ಕೊಡಬೇಡಿ. "ಎಲ್‌ಒಎಸ್ ಕೆಂಪು ಇದೆ" ಅನ್ನಿ. ಇಲ್ಲಾ "ರೂಟರಿಗೆ ಪಿಂಗ್ ಹೋಗುತ್ತದೆ, 8.8.8.8ಕ್ಕೆ ಹೋಗುತ್ತಿಲ್ಲ, ಬೆಳಗ್ಗೆ ಹತ್ತರಿಂದ" ಅನ್ನಿ. ಫೋನ್ ಎತ್ತಿದವರು ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುವ ಪಾಠ ಬಿಟ್ಟು ನೇರ ಲೈನ್‌ಮನ್‌ಗೆ ಹಾಕುತ್ತಾರೆ. ಟ್ರೇಸರ್ಟ್ (ಸರ್ವರ್ ತನಕದ ದಾರಿಯ ಒಂದೊಂದು ನಿಲ್ದಾಣವನ್ನೂ ಸಾಲು ಸಾಲಾಗಿ ತೋರಿಸುವ ಕಮಾಂಡ್) ಮಾಡಿದ ಫೋಟೋ ಇದ್ದರೆ ಅದನ್ನೂ ಕಳಿಸಿ. ನಡುವಿನ ಒಂದೆರಡು ಸಾಲಿನಲ್ಲಿ ಬರೀ ನಕ್ಷತ್ರದಂಥ ಚುಕ್ಕಿ (*) ಬಂದರೆ ಅದನ್ನು ಹಿಡಿದು ಜಗಳ ಮಾಡಬೇಡಿ, ಮುಂದಿನ ಸಾಲಿನಲ್ಲಿ ಉತ್ತರ ಬಂದಿದ್ದರೆ ಅಲ್ಲಿ ದೋಷ ಇಲ್ಲ. ಚುಕ್ಕಿ ಕೊನೆಯ ತನಕ ಹಾಗೇ ಹೋದರೆ ಮಾತ್ರ, ಕೊನೆಗೆ ಉತ್ತರ ಕೊಟ್ಟ ಸಾಲು ಯಾವುದು ಅಂತ ತೋರಿಸಿ. ಕಂಪ್ಲೇಂಟ್ ನಂಬರನ್ನು ರೂಟರಿನ ಮೇಲೇ ಒಂದು ಚೀಟಿ ಅಂಟಿಸಿ ಬರೆದಿಡಿ, ಲೈನ್‌ಮನ್ ಬಂದ ಹೊತ್ತಿಗೆ ಅಂಗಡಿಯಲ್ಲಿ ನೀವು ಇರದಿದ್ದರೂ ಹುಡುಗರಿಗೆ ಸಿಗುತ್ತದೆ.